ಸಡಿಲ ಸ್ಕ್ರೂ, ಸಿದ್ಧ ಸಮಜಾಯಿಷಿ

ಪಿಸ್ತೂಲಿನ ಮೇಲೆ ರೆಡ್ ಡಾಟ್, ಅಂದರೆ ಗುರಿ ಹಿಡಿಯಲು ಕೆಂಪು ಚುಕ್ಕಿ ತೋರಿಸುವ ಸೈಟು, ಕೂರಿಸುವುದು ನೋಡಲು ಸುಲಭದ ಕೆಲಸ. ಒಂದು ಪ್ಲೇಟು, ಕೆಲವು ಸ್ಕ್ರೂ, ಒಂದು ಸಣ್ಣ ಕೀಲಿ, ಅಷ್ಟೇ. ಅಷ್ಟು ಸುಲಭವೆಂದು ತಿಳಿದ ಕೆಲಸದಲ್ಲಿ ನಾನು ಮೂರು ಕಡೆ ಎಡವಿದೆ. ಮೂರು ಕಡೆಯೂ ಸುಳಿವು ಕಣ್ಣೆದುರಿಗೇ ಇತ್ತು. ಪ್ರತಿ ಸುಳಿವಿಗೂ ಒಂದೊಂದು ಸಮಜಾಯಿಷಿ ಹೇಳಿಕೊಂಡು ಸುಮ್ಮನಾದೆ. ಅದರಲ್ಲಿ ಮೂರನೆಯದರ ಫಲವನ್ನು ಉಂಡದ್ದು ನಾನಲ್ಲ, ನನ್ನನ್ನು ನಂಬಿದ ಒಬ್ಬ ಹುಡುಗಿ. ಈ ಲೇಖನ ಬರೆಯಲೇಬೇಕು ಅನ್ನಿಸಿದ್ದು ಆ ಮೂರನೆಯದರ ದೆಸೆಯಿಂದ.

ನನ್ನದು ಕೊಡಗು. ಕೋವಿ ನಮ್ಮ ಮನೆಗೆ ಹೊಸದಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಒರೆಸಿ, ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ, ಕೈಮುಗಿದು ಬೆಳೆದವನು ನಾನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಅಪ್ಪನ ಜೋಡಿನಳಿಗೆ ಕೋವಿಯ ತುದಿಯಲ್ಲಿ ಇದ್ದದ್ದು ಒಂದು ಹಿತ್ತಾಳೆ ಮಣಿ ಮಾತ್ರ. ಸರಿಹೊಂದಿಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಚರೆ ಹರಡಿಕೊಂಡು ಹೋಗುವುದರಿಂದ ಕೂದಲೆಳೆಯ ಲೆಕ್ಕವೂ ಬೇಕಿರಲಿಲ್ಲ. ಕೋವಿಯನ್ನು ಗೌರವಿಸುವುದನ್ನು, ನಳಿಗೆಯನ್ನು ಯಾರ ಕಡೆಗೂ ತಿರುಗಿಸಬಾರದು ಎನ್ನುವುದನ್ನು ಅಪ್ಪನಿಂದ ಕಲಿತೆ. ಸೈಟುಗಳ ಸೂಕ್ಷ್ಮ ನನಗೆ ಮನೆಯಿಂದ ಬಂದ ವಿದ್ಯೆಯಲ್ಲ. ಆದರೆ ಬಂದಿದೆ ಎಂದು ನಾನೂ ನಂಬಿದ್ದೆ, ಸುತ್ತಲಿನವರೂ ನಂಬಿದ್ದರು. 'ಕೊಡಗಿನವರು, ಇವರಿಗೆ ಗೊತ್ತಿರುತ್ತೆ' ಎಂಬ ಮಾತನ್ನು ನಾನು ಯಾವತ್ತೂ ತಿದ್ದಲಿಲ್ಲ.

ಕೆಲಸದ ನಿಮಿತ್ತ ಟೆಕ್ಸಸ್‌ಗೆ ಬಂದೆ. ವೀಸಾದ ಮೇಲಿರುವವರಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಮೆರಿಕದ ಫೆಡರಲ್ ಕಾನೂನು ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಒಂದು 9 ಎಂಎಂ ಪಿಸ್ತೂಲು ಕೊಂಡು, ಯುಎಸ್‌ಪಿಎಸ್‌ಎ ಎಂಬ ಶೂಟಿಂಗ್ ಸಂಸ್ಥೆಯ ಭಾನುವಾರದ ಪಂದ್ಯಗಳಿಗೆ ಹೋಗತೊಡಗಿದೆ. ನಿಂತಲ್ಲೇ ನಿಂತು ಒಂದೇ ಗುರಿಗೆ ಹೊಡೆಯುವ ಆಟ ಇದಲ್ಲ. ಓಡಬೇಕು, ಮರೆಯಿಂದ ಇಣುಕಿ ಹೊಡೆಯಬೇಕು, ಮ್ಯಾಗಜೀನ್ ಬದಲಿಸಬೇಕು. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿ ಫಲಿತಾಂಶ ಹೇಳುತ್ತಾರೆ. ಕಂದು ಕಾಗದದ ನಡುಭಾಗಕ್ಕೆ ಬಿದ್ದ ಏಟಿಗೆ 5 ಅಂಕ. ಬಿಳಿಯ 'ನೋ-ಶೂಟ್' ಕಾಗದ ಹೊಡೆಯಬಾರದ ಮನುಷ್ಯನ ಗುರುತು, ಅದಕ್ಕೆ ತಗುಲಿದರೆ 10 ಅಂಕ ಖೋತಾ.

ನಲವತ್ತು ದಾಟಿ ಚಾಳೀಸು ಬಂದಾಗ ಮೊದಲು ಮಸುಕಾದದ್ದು ಪಿಸ್ತೂಲಿನ ಮುಂದಿನ ಸೈಟು. ಕಾರ್ಖಾನೆಯಿಂದ ಬರುವ ಐರನ್ ಸೈಟಿನಲ್ಲಿ ಹಿಂದೆ ಒಂದು ಕಚ್ಚು, ಮುಂದೆ ಒಂದು ಗೂಟ, ಆಚೆ ಗುರಿ. ಕಣ್ಣು ಏಕಕಾಲಕ್ಕೆ ಒಂದು ದೂರಕ್ಕೆ ಮಾತ್ರ ಹೊಂದಿಕೊಳ್ಳಬಲ್ಲದು. ಅದು ಮುಂದಿನ ಗೂಟದ ಮೇಲೆ ನಿಲ್ಲಬೇಕು, ಹಿಂದಿನ ಕಚ್ಚೂ ಗುರಿಯೂ ಸ್ವಲ್ಪ ಮಸುಕಾಗಿಯೇ ಇರಬೇಕು. ಅದು ಹಳೆಯ ಪಾಠ. ಚಾಳೀಸಿನ ಕಣ್ಣಿಗೆ ಆ ಗೂಟವೇ ಮಂಜಾಗುತ್ತದೆ. ಒಲಿಂಪಿಕ್ಸ್ ಮಾದರಿಯ ಪಿಸ್ತೂಲ್ ಸ್ಪರ್ಧೆಗಳಲ್ಲಿ ಇಂದಿಗೂ ಇದಕ್ಕೆ ಬೇರೆ ದಾರಿಯಿಲ್ಲ, ಅಲ್ಲಿ ಐರನ್ ಸೈಟಿಗೆ ಮಾತ್ರ ಅವಕಾಶ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದದ್ದು ಅಂಥ ಸೈಟಿನಿಂದಲೇ. ಯುಎಸ್‌ಪಿಎಸ್‌ಎಯ ಕ್ಯಾರಿ ಆಪ್ಟಿಕ್ಸ್ ವಿಭಾಗದಲ್ಲಾದರೆ ಸ್ಲೈಡಿನ, ಅಂದರೆ ಪಿಸ್ತೂಲಿನ ಹಿಂದೆಮುಂದೆ ಸರಿಯುವ ಮೇಲ್ಭಾಗದ, ಮೇಲೆಯೇ ರೆಡ್ ಡಾಟ್ ಕೂರಿಸಿಕೊಂಡು ಆಡಬಹುದು. ನಾನು ಆ ಕಡೆ ಹೊರಳಿದೆ.

ರೆಡ್ ಡಾಟಿನ ಒಳಗುಟ್ಟು ಸರಳ, ಸುಂದರ. ಚಿಕ್ಕ ಎಲ್‌ಇಡಿ ದೀಪವೊಂದು ಕೆಂಪು ಬೆಳಕನ್ನು ಮುಂದಿನ ಬಾಗಿದ ಗಾಜಿನತ್ತ ಚೆಲ್ಲುತ್ತದೆ. ಆ ಗಾಜಿನ ಲೇಪ ಕೆಂಪನ್ನು ಹಿಂದಕ್ಕೆ ಕಳಿಸುತ್ತದೆ, ಉಳಿದ ಬೆಳಕನ್ನು ಬಹುಮಟ್ಟಿಗೆ ಹಾಗೇ ಬಿಡುತ್ತದೆ. ಟಾರ್ಚಿನ ಒಳಗಿನ ಹೊಳೆಯುವ ಬಟ್ಟಲು ಬಲ್ಬಿನ ಬೆಳಕನ್ನು ನೇರ ಕೋಲಾಗಿ ಮಾಡುವಂತೆ, ಈ ಗಾಜು ಎಲ್‌ಇಡಿಯ ಬೆಳಕನ್ನು ಸಮಾಂತರ ಕಿರಣಗಳಾಗಿ ಕಣ್ಣಿಗೆ ತಲುಪಿಸುತ್ತದೆ. ಹಾಗಾಗಿ ಚುಕ್ಕಿ ಗಾಜಿನ ಮೇಲೆ ಇದ್ದಂತೆ ಕಾಣದು, ದೂರದ ಗುರಿಯ ಮೇಲೆಯೇ ಕೂತಂತೆ ಕಾಣುತ್ತದೆ. ಕಣ್ಣು ಗುರಿಯನ್ನು ನೋಡಿದರೆ ಸಾಕು. ಸ್ವೀಡನ್ನಿನ ಏಮ್‌ಪಾಯಿಂಟ್ 1975ರಲ್ಲಿ ಇಂಥ ಎಲೆಕ್ಟ್ರಾನಿಕ್ ಸೈಟನ್ನು ಮಾರುಕಟ್ಟೆಗೆ ತಂದಾಗ ಅದು ಬೇಟೆಗಾರರ ರೈಫಲ್ಲಿನ ವಸ್ತುವಾಗಿತ್ತು. ಈಗ ಹೆಬ್ಬೆರಳಿನಷ್ಟಕ್ಕೆ ಕುಗ್ಗಿ ಪಿಸ್ತೂಲಿನ ಬೆನ್ನೇರಿದೆ. 2017ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಎಂ17 ಪಿಸ್ತೂಲಿನ ಸ್ಲೈಡೂ ಆಪ್ಟಿಕ್ ಕೂರಿಸಲು ಅನುವಾಗಿಯೇ ಬರುತ್ತದೆ.

ಆದರೆ ರೈಫಲ್ಲಿಗೂ ಪಿಸ್ತೂಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ರೈಫಲ್ಲಿನ ಮೇಲಿನ ಸೈಟು ಕೂತ ಜಾಗದಲ್ಲಿ ಕೂತಿರುತ್ತದೆ. ಪಿಸ್ತೂಲಿನದು ಸ್ಲೈಡಿನ ಮೇಲೆ ಸವಾರಿ ಮಾಡುತ್ತದೆ. ಪ್ರತಿ ಗುಂಡಿಗೂ ಸ್ಲೈಡು ರಭಸದಿಂದ ಹಿಂದಕ್ಕೆ ಹೋಗಿ, ಥಟ್ಟನೆ ಬಡಿದು ನಿಂತು, ಸ್ಪ್ರಿಂಗಿನ ಬಲಕ್ಕೆ ಮತ್ತೆ ಮುಂದಕ್ಕೆ ಬಂದು ಬಡಿಯುತ್ತದೆ. ಸೈಟಿಗೆ ತನ್ನದೇ ತೂಕವಿದೆ, ಸ್ಲೈಡು ನಿಂತರೂ ಅದು ಮುಂದುವರಿಯಲು ಹವಣಿಸುತ್ತದೆ. ಆ ಸೆಳೆತವನ್ನು ತಡೆಯುವುದು ಪ್ಲೇಟಿನ ಮೇಲಿನ ಸಣ್ಣ ಉಬ್ಬುಗಳು ಮತ್ತು ಬಿಗಿಯಾಗಿ ಒತ್ತಿಕೊಂಡ ಎರಡು ಲೋಹಗಳ ನಡುವಿನ ಘರ್ಷಣೆ. ಸ್ಕ್ರೂವಿನ ಕೆಲಸ ಕೆಳಕ್ಕೆ ಒತ್ತಿ ಹಿಡಿಯುವುದಷ್ಟೇ. ಒತ್ತಡ ಸಡಿಲಿತೆಂದರೆ ಅಡ್ಡ ಹೊಡೆತವೆಲ್ಲ ಸ್ಕ್ರೂವಿನ ಕತ್ತಿಗೆ ಬೀಳುತ್ತದೆ. ಅಷ್ಟು ಸಣ್ಣ ಸ್ಕ್ರೂ ಅದನ್ನು ಬಹಳ ಕಾಲ ತಾಳದು.

ಇದೊಂದೂ ಅಂದು ನನ್ನ ತಲೆಯಲ್ಲಿರಲಿಲ್ಲ. ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಸ್ಲೈಡಿನ ಮುಚ್ಚಳ ಬಿಚ್ಚಿ, ಪ್ಲೇಟನ್ನು ಒಣ ಚಿಂದಿಯಿಂದ ಒರೆಸಿ ಕೂರಿಸಿದೆ. ಕಾರ್ಖಾನೆಯ ಎಣ್ಣೆ ಒರೆಸಿದರೆ ಹೋಗುವಂಥದ್ದಲ್ಲ, ರಂಧ್ರದ ಎಳೆಗಳಲ್ಲಿ ಅಡಗಿ ಕೂತಿರುತ್ತದೆ. ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್ ಲಾಕರನ್ನು ಸ್ಕ್ರೂಗಳಿಗೆ ಹಚ್ಚಿದೆ, ಕೀಲಿಯಿಂದ 'ಇನ್ನು ಸಾಕು' ಅನ್ನಿಸುವವರೆಗೆ ತಿರುಗಿಸಿದೆ, ಅದೇ ಮಧ್ಯಾಹ್ನ ರೇಂಜಿಗೆ ಹೋದೆ. ಥ್ರೆಡ್ ಲಾಕರ್ ಪೂರ್ತಿ ಗಟ್ಟಿಯಾಗಲು ಸುಮಾರು 24 ಗಂಟೆ ಬೇಕೆಂದು ಬಾಟಲಿಯ ಮೇಲೇ ಇತ್ತು. ಎಣ್ಣೆ ಇದ್ದ ಕಡೆ ಅದು ಸರಿಯಾಗಿ ಹಿಡಿಯದು ಎನ್ನುವುದೂ ಇತ್ತು.

ಚುಕ್ಕಿಯ ಬೆಂಬಲಕ್ಕೆಂದು ಎತ್ತರದ ಐರನ್ ಸೈಟನ್ನೂ ಹಾಕಿದೆ. ಮಾಮೂಲಿ ಸೈಟು ಗಿಡ್ಡ, ರೆಡ್ ಡಾಟಿನ ಒಡಲ ಹಿಂದೆ ಅಡಗಿಹೋಗುತ್ತದೆ. ಗಾಜಿನ ಮೂಲಕ ಕಾಣಬೇಕಾದರೆ ಎತ್ತರದವೇ ಬೇಕು. ಐರನ್ ಸೈಟು ಗಾಜಿನ ಕೆಳಗಿನ ಮೂರನೇ ಒಂದು ಪಾಲಿನಲ್ಲಿ ಕಾಣುವಂತಿದ್ದರೆ ಅದನ್ನು 'ಲೋಯರ್ ಥರ್ಡ್' ಜೋಡಣೆ ಅನ್ನುತ್ತಾರೆ. ಸದಾ ಕಣ್ಣಿಗೆ ಅಡ್ಡ ಬರದು, ಬೇಕಾದಾಗ ಸಿಗುತ್ತದೆ ಎಂಬ ಕಾರಣಕ್ಕೆ ಅನೇಕರಿಗೆ ಅದೇ ಇಷ್ಟ. ಹಿಂದಿನ ತುಂಡನ್ನು ಒಂದು ಸೆಟ್ಟಿನಿಂದ, ಮುಂದಿನದನ್ನು ಇನ್ನೊಂದರಿಂದ ತೆಗೆದುಕೊಂಡೆ. ಪಕ್ಕಪಕ್ಕ ಇಟ್ಟು ನೋಡಿದರೆ ಎತ್ತರ ಸರಿಹೊಂದುವಂತೆ ಕಂಡಿತು.

ರೇಂಜಿನಲ್ಲಿ ರೆಡ್ ಡಾಟನ್ನು ಝೀರೋ ಮಾಡಿದೆ. ಗುಂಡು ಬಿದ್ದಲ್ಲಿಗೆ ಚುಕ್ಕಿಯನ್ನು ತಂದು ನಿಲ್ಲಿಸುವ ಕೆಲಸ ಅದು. ಚೆನ್ನಾಗಿಯೇ ಬಂತು. ಆಮೇಲೆ ಕಚ್ಚನ್ನೂ ಗೂಟವನ್ನೂ ಒಂದು ಸಾಲಿಗೆ ತಂದು ಗಾಜಿನೊಳಗೆ ನೋಡಿದೆ. ಚುಕ್ಕಿ ಗೂಟದ ತುದಿಯ ಮೇಲೆ ಕೂತಿರಲಿಲ್ಲ, ಸ್ವಲ್ಪ ಮೇಲೆ ತೇಲುತ್ತಿತ್ತು. ಒಂದು ಕ್ಷಣ ಅನುಮಾನ ಬಂತು. 'ಲೋಯರ್ ಥರ್ಡ್ ಅಲ್ಲವೇ, ಹೀಗೇ ಇರುತ್ತದೆ' ಅಂದುಕೊಂಡೆ. ಮೊದಲ ಸಮಜಾಯಿಷಿ ಅದು.

ಅದು ಎಷ್ಟು ತಪ್ಪು ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೀಗೆ ತಿಳಿದವರು ನಾನೊಬ್ಬನೇ ಅಲ್ಲ. ಲೋಯರ್ ಥರ್ಡ್ ಎನ್ನುವುದು ಐರನ್ ಸೈಟು ಗಾಜಿನ ಯಾವ ಭಾಗದಲ್ಲಿ ಕಾಣುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಚುಕ್ಕಿ ಗಾಜಿನ ನಡುವಿನಲ್ಲೇ ಅಂಟಿಕೊಂಡಿರುವ ಗುರುತಲ್ಲ, ಕಣ್ಣು ಕದಲಿದರೆ ಅದೂ ಗಾಜಿನೊಳಗೆ ಕದಲುತ್ತದೆ. ಎರಡು ಸೈಟುಗಳೂ ಒಂದೇ ದೂರಕ್ಕೆ ಸರಿಯಾಗಿ ಝೀರೋ ಆಗಿದ್ದರೆ, ಐರನ್ ಸೈಟನ್ನು ಸಾಲಿಗೆ ತಂದ ಗಳಿಗೆಯಲ್ಲಿ ಚುಕ್ಕಿ ತಾನಾಗಿ ಇಳಿದು ಗೂಟದ ತುದಿಗೆ ಬಂದು ಕೂರಬೇಕು. ಎರಡೂ ಒಂದೇ ಜಾಗವನ್ನು ತೋರಿಸುತ್ತಿವೆ ಎಂದಮೇಲೆ ಬೇರೆ ಬೇರೆ ಕಡೆ ಇರುವುದು ಹೇಗೆ? ಚುಕ್ಕಿ ಮೇಲೆ ತೇಲಿದರೆ, ಐರನ್ ಸೈಟು ತೋರಿಸುವ ಜಾಗಕ್ಕಿಂತ ಗುಂಡು ಮೇಲೆ ಬೀಳುತ್ತದೆ ಎಂದೇ ಅರ್ಥ. ನನ್ನ ಮುಂದಿನ ಗೂಟ ಗಿಡ್ಡವಾಗಿತ್ತು. ಎಷ್ಟು? 0.03 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರ್. ಎರಡು ಸೈಟುಗಳ ನಡುವಿನ ಅಂತರ ಆರೂವರೆ ಇಂಚು ಇರುವ ಪಿಸ್ತೂಲಿನಲ್ಲಿ ಈ ಮುಕ್ಕಾಲು ಮಿಲಿಮೀಟರ್ 20 ಗಜ ದೂರಕ್ಕೆ ಹೋಗುವಷ್ಟರಲ್ಲಿ 3.3 ಇಂಚು ಆಗುತ್ತದೆ. ಲೆಕ್ಕ ತೀರಾ ಸುಲಭ: ಗುಂಡು ಎಷ್ಟು ಇಂಚು ಮೇಲೆ ಬಿತ್ತೋ ಅದನ್ನು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರವನ್ನು ಇಂಚಿಗೆ ಇಳಿಸಿ ಭಾಗಿಸಿದರೆ, ಗೂಟ ಎಷ್ಟು ಎತ್ತರವಾಗಬೇಕು ಎಂಬುದು ಸಿಗುತ್ತದೆ. ಆದರೆ ಲೆಕ್ಕ ಹಾಕುವುದಕ್ಕೆ ಮೊದಲು ಐರನ್ ಸೈಟಿನಿಂದ ಗುಂಡು ಹೊಡೆದು ನೋಡಿರಬೇಕು. ನಾನು ಒಂದನ್ನೂ ಹೊಡೆದಿರಲಿಲ್ಲ. ಆ ಮಂಜುಮಂಜು ಗೂಟದ ತಂಟೆಯೇ ಬೇಡವೆಂದು ಅಲ್ಲವೇ ರೆಡ್ ಡಾಟ್ ಕೊಂಡದ್ದು?

ಎರಡನೆಯ ಸುಳಿವು ನಿಧಾನವಾಗಿ ಬಂತು. ಕೆಲವು ವಾರಗಳಲ್ಲಿ ನನ್ನ ಏಟುಗಳು ಹರಡತೊಡಗಿದವು. ಒಂದು ವಾರ ಎಡಕ್ಕೆ, ಮತ್ತೊಂದು ವಾರ ಕೆಳಕ್ಕೆ. ಟ್ರಿಗರ್ ಎಳೆಯುವಾಗ ಕೈ ಅದುರುತ್ತಿದೆ, ಅಭ್ಯಾಸ ಸಾಲದು ಅಂದುಕೊಂಡೆ. ಬಲಗೈಯವನ ಏಟು ಎಡಕ್ಕೂ ಕೆಳಕ್ಕೂ ಬಿದ್ದರೆ ಟ್ರಿಗರನ್ನು ಜಗ್ಗುತ್ತಿದ್ದಾನೆಂದು ರೇಂಜಿನಲ್ಲಿ ಎಲ್ಲರೂ ಹೇಳುವ ಮಾತು. ಅದು ಅನೇಕ ಸಲ ನಿಜವೂ ಹೌದು, ಹಾಗಾಗಿಯೇ ನಂಬುವುದು ಸುಲಭವಾಯಿತು. ಮನೆಯಲ್ಲಿ ಖಾಲಿ ಪಿಸ್ತೂಲು ಹಿಡಿದು ಟ್ರಿಗರ್ ಅಭ್ಯಾಸ ಮಾಡಿದೆ. ರೇಂಜಿನಲ್ಲಿ ಸೈಟಿನ ತಿರುಪನ್ನು ಒಂದೊಂದೇ ಕ್ಲಿಕ್ ತಿರುಗಿಸಿ ಝೀರೋ ಸರಿಮಾಡುತ್ತಾ ಹೋದೆ. ತಳವೇ ಕದಲುತ್ತಿದ್ದ ಸೈಟನ್ನು ಸರಿಹೊಂದಿಸುತ್ತಾ ಕೂತಿದ್ದೆ. ಬೆರಳಿನಿಂದ ಹಿಡಿದು ಅಲುಗಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಕಡೆಗೊಂದು ಶನಿವಾರ ರಾತ್ರಿ ಗೊತ್ತಾಯಿತು. ಪಂದ್ಯ ಮರುದಿನವೇ. ಒಂದು ಸ್ಕ್ರೂ ಕೀಲಿಗೆ ಸಿಕ್ಕ ಕೂಡಲೇ ತಿರುಗಿತು. ಬಿಚ್ಚಿ, ಒರೆಸಿ, ಮೊದಲಿನಿಂದ ಮಾಡಬೇಕಾದ ಹೊತ್ತು ಅದು. ನಾನು ಕೀಲಿಯ ಉದ್ದದ ತುದಿಯನ್ನು ಹಿಡಿದು ಇದ್ದ ಬಲವನ್ನೆಲ್ಲ ಹಾಕಿ ಬಿಗಿದೆ. ಸಣ್ಣ ಸ್ಕ್ರೂವಿಗೆ ಅತಿಯಾದ ಬಿಗಿಯೂ ಸಡಿಲದಷ್ಟೇ ಕೆಡುಕು. ಉಕ್ಕು ಹಿಗ್ಗುತ್ತದೆ, ತಲೆಯ ಕೆಳಗಿನ ಕತ್ತು ಬಳಲುತ್ತದೆ.

ಮರುದಿನ ಮೂರನೆಯ ಸ್ಟೇಜಿನಲ್ಲಿ, ಹಲಗೆಯ ಕಿಂಡಿಯಾಚೆ 20 ಗಜ ದೂರದ ಕಾಗದಗಳಿಗೆ ಹೊಡೆಯುತ್ತಿದ್ದಾಗ ಚುಕ್ಕಿ ಮಾಯವಾಯಿತು. ಗಾಜೂ ಇರಲಿಲ್ಲ. ಒಂದು ಸ್ಕ್ರೂವಿನ ತಲೆ ಹಾರಿ, ಇನ್ನೊಂದು ಕಿತ್ತುಕೊಂಡು, ಸೈಟು ಬಲಕ್ಕೆ ಸಿಡಿದು ಜಲ್ಲಿಕಲ್ಲಿನ ಮೇಲೆ ಬಿದ್ದಿತ್ತು. ಸ್ಲೈಡಿನ ಮೇಲೆ ಉಳಿದದ್ದು ಐರನ್ ಸೈಟು. ಇಂಥ ಹೊತ್ತಿಗೆಂದೇ ತಾನೆ ಅದನ್ನು ಹಾಕಿದ್ದು! ಮುಂದಿನ ಕಂದು ಕಾಗದದ ಮೇಲ್ಭಾಗವನ್ನು ಬಿಳಿಯ ನೋ-ಶೂಟ್ ಮುಚ್ಚಿತ್ತು. ಗೂಟವನ್ನು ಕಚ್ಚಿನ ನಡುವೆ ತಂದೆ, ಕೆಳಗೆ ಉಳಿದಿದ್ದ ಕಂದು ಭಾಗಕ್ಕೆ ಗುರಿ ಇಟ್ಟು ಎರಡು ಗುಂಡು ಹೊಡೆದೆ. ಟ್ರಿಗರ್ ಚೆನ್ನಾಗಿ ಎಳೆದಿದ್ದೇನೆಂದು ಕೈಗೆ ಗೊತ್ತಾಗಿತ್ತು. ಅಂಕ ಬರೆಯಲು ಹೋದಾಗ ಎರಡು ತೂತುಗಳೂ ಬಿಳಿಯ ಕಾಗದದಲ್ಲಿದ್ದವು, ಒಂದರ ಪಕ್ಕ ಒಂದು. ಚೆನ್ನಾಗಿ ಹೊಡೆದ ಏಟುಗಳು, ಹೊಡೆಯಬಾರದ ಜಾಗಕ್ಕೆ.

ಅಂಕ ಹೋದದ್ದು ಚಿಕ್ಕ ಮಾತು. ಆ ಬಿಳಿ ಕಾಗದ ಯಾರ ಗುರುತು ಎಂಬುದು ಚಿಕ್ಕ ಮಾತಲ್ಲ.

ಆ ರೇಂಜಿನಲ್ಲಿ ಬಂದೂಕು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಸೇಫ್ಟಿ ಟೇಬಲ್ಲಿನ ಹತ್ತಿರ ಸ್ಲೈಡನ್ನು ಬಿಚ್ಚಿಸಿ ನೋಡಿದರು. ತೋರುಬೆರಳಿನಿಂದ ಪ್ಲೇಟನ್ನು ಸವರಿ ನನ್ನ ಮುಂದೆ ಹಿಡಿದರು. ಬೆರಳ ತುದಿ ಮಿರಮಿರ ಹೊಳೆಯಿತು. ಸ್ಕ್ರೂವಿನ ಎಳೆಗಳಲ್ಲಿ ನೀಲಿ ಲಾಕರ್ ಗಟ್ಟಿಯಾಗದೆ ಜಿಡ್ಡಾಗಿ ಎಣ್ಣೆಯೊಡನೆ ಕಲಸಿಹೋಗಿತ್ತು. ಐರನ್ ಸೈಟಿನಲ್ಲಿ ಮಾತ್ರ ಗುರಿ ಹಿಡಿದು ಕೊನೆಯ ಸಲ ಯಾವಾಗ ಹೊಡೆದಿದ್ದೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಇನ್ನೊಂದು ಪ್ರಶ್ನೆ ಕೇಳಿದರು: ಹೀಗೆ ಬೇರೆ ಯಾರದಕ್ಕಾದರೂ ಕೂರಿಸಿಕೊಟ್ಟಿದ್ದೀಯಾ?

ಕೊಟ್ಟಿದ್ದೆ. ಸಾಗರದ ಕಡೆಯ ಹುಡುಗಿ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು, ಒಬ್ಬಳೇ ಇರುವವಳು. ಮನೆಯ ರಕ್ಷಣೆಗೆಂದು ಪಿಸ್ತೂಲು ಕೊಂಡು, 'ಅಣ್ಣಾ, ನೀವೇ ಹೇಳಿಕೊಡಿ' ಎಂದು ಬಂದಿದ್ದಳು. ಕನ್ನಡ ಸಂಘದ ಪರಿಚಯ, ಮನೆಯವಳಂತೆಯೇ. ಅವಳ ಪಿಸ್ತೂಲಿಗೆ ರೆಡ್ ಡಾಟನ್ನು ನಾನೇ ಮೇಜಿನ ಮೇಲಿಟ್ಟು ಕೂರಿಸಿಕೊಟ್ಟಿದ್ದೆ. ಅದಾದ ಮೇಲೆ ಅವಳ ಪಿಸ್ತೂಲು ಆಗಾಗ ಕಚ್ಚಿಕೊಳ್ಳುತ್ತಿತ್ತು. ಖಾಲಿ ತೋಟೆ ಹೊರಗೆ ಹಾರದೆ ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುವುದು, ಇಲ್ಲವೆ ನಳಿಗೆಯಲ್ಲೇ ಉಳಿದುಬಿಡುವುದು. ನಾನು ಅವಳ ಹಿಡಿತ ನೋಡಿ, 'ಮಣಿಕಟ್ಟು ಸಡಿಲ ಬಿಡ್ತಿದ್ದೀಯಮ್ಮ, ಕೈಯಲ್ಲಿ ಬಲ ಸಾಲದು' ಅಂದಿದ್ದೆ. ಹಿಡಿತ ಸಡಿಲವಾದರೆ ಸ್ಲೈಡು ಪೂರ್ತಿ ಹಿಂದಕ್ಕೆ ಹೋಗದೆ ಹೀಗಾಗುವುದು ಉಂಟು. ಹೆಣ್ಣುಮಕ್ಕಳಿಗೆ ರೇಂಜಿನಲ್ಲಿ ಎಲ್ಲರೂ ಮೊದಲು ಹೇಳುವ ಮಾತೂ ಅದೇ. ಮೂರನೆಯ ಸಮಜಾಯಿಷಿ ಅದು. ಅದನ್ನು ನಾನು ಇನ್ನೊಬ್ಬರ ತಲೆಗೆ ಕಟ್ಟಿದ್ದೆ.

ಪಂದ್ಯ ಮುಗಿಸಿ ನೇರ ಅವಳ ಮನೆಗೆ ಹೋದೆ. ಪಿಸ್ತೂಲು ಖಾಲಿ ಮಾಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಸ್ಲೈಡನ್ನು ತೆಗೆದೆ. ಎಕ್ಸ್‌ಟ್ರಾಕ್ಟರ್ ಎಂದರೆ ಸ್ಲೈಡಿನ ಬಲಗಡೆಯ ಸಣ್ಣ ಕೊಕ್ಕೆ. ತೋಟೆಯ ಅಂಚನ್ನು ಹಿಡಿದು ನಳಿಗೆಯಿಂದ ಹೊರಗೆಳೆಯುವುದು ಅದೇ. ಅದರ ಹಿಂದೆ ಸ್ಲೈಡಿನೊಳಗೆ ಒಂದು ಕೊಳವೆ, ಅದರಲ್ಲಿ ಸ್ಪ್ರಿಂಗು ಮತ್ತು ಒಂದು ಸರಳು. ಆ ಸ್ಪ್ರಿಂಗಿನ ಒತ್ತಡದಿಂದಲೇ ಕೊಕ್ಕೆಗೆ ಹಿಡಿತ. ಅನೇಕ ಪಿಸ್ತೂಲುಗಳಲ್ಲಿ ರೆಡ್ ಡಾಟಿನ ಬಲಗಡೆಯ ಸ್ಕ್ರೂ ರಂಧ್ರ ಕೊನೆಯಾಗುವುದು ಸರಿಯಾಗಿ ಈ ಕೊಳವೆಯ ಮೇಲೆ. ಕೊಕ್ಕೆಯನ್ನು ಹೊರಗೆ ತಳ್ಳಿ ನೋಡಿದೆ, ಕದಲಲಿಲ್ಲ. ಬಲಗಡೆಯ ಸ್ಕ್ರೂವನ್ನು ಒಂದೆರಡು ಸುತ್ತು ಬಿಚ್ಚಿ ಮತ್ತೆ ತಳ್ಳಿದೆ. ಕೊಕ್ಕೆ ಹೊರಗೆ ಸರಿದು, ಬಿಟ್ಟ ಕೂಡಲೇ ಟಕ್ ಎಂದು ಹಿಂದಕ್ಕೆ ಬಂತು. ಪ್ಲೇಟಿನ ಪೊಟ್ಟಣದ ಸ್ಕ್ರೂವನ್ನೂ ಸೈಟಿನ ಪೊಟ್ಟಣದ ಸ್ಕ್ರೂವನ್ನೂ ನಾನು ಅದಲುಬದಲು ಮಾಡಿದ್ದೆ. ಒಂದೆರಡು ಎಳೆಯಷ್ಟು ಉದ್ದ ಹೆಚ್ಚಾಗಿ ಅದರ ತುದಿ ಕೊಳವೆಗೆ ಇಳಿದು ಸರಳನ್ನು ಅಮುಕಿ ಹಿಡಿದಿತ್ತು.

ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. "ಅಂದ್ರೆ ನನ್ನ ಕೈಯದ್ದಲ್ವಾ ಅಣ್ಣಾ?" ಅಂದಳು.

"ಅಲ್ಲಮ್ಮ. ಸ್ಕ್ರೂ ಉದ್ದ. ನಾನು ಹಾಕಿದ್ದು."

"ಬಲ ಬರಲಿ ಅಂತ ಡ್ಯೂಟಿ ಮುಗಿಸಿ ಬಂದು ದಿನಾ ಡಂಬೆಲ್ ಎತ್ತುತ್ತಾ ಇದ್ದೆ. ನನಗೆ ಇದು ಆಗಿಬರಲ್ಲ, ಮಾರಿಬಿಡೋಣ ಅಂತಲೂ ಅಂದುಕೊಂಡಿದ್ದೆ."

ಕೋಪ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪಾಯಿತು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಏನೂ ಇರಲಿಲ್ಲ. ಒಬ್ಬಳೇ ಇರುವ ಮನೆಯಲ್ಲಿ, ನಿಜವಾಗಿ ಬೇಕಾದ ಒಂದು ರಾತ್ರಿ, ಮೊದಲ ಗುಂಡಿನ ನಂತರ ಅದು ಕಚ್ಚಿಕೊಂಡಿದ್ದರೆ? ಆ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದಕ್ಕಿಂತ ಸಣ್ಣದು, ಆದರೆ ನಿಜವಾಗಿ ನಡೆದದ್ದು ಇನ್ನೊಂದಿದೆ: ಚೆನ್ನಾಗಿದ್ದ ಕೈಯನ್ನು ದುರ್ಬಲವೆಂದು ನಂಬಿಸಿಬಿಟ್ಟಿದ್ದೆ.

ನನಗೆ ಗೊತ್ತಿಲ್ಲದ ವಿಷಯ ಬಹಳವಿತ್ತು, ನಿಜ. ಆದರೆ ಈ ಮೂರು ತಪ್ಪುಗಳೂ ಆದದ್ದು ಗೊತ್ತಿಲ್ಲದ್ದರಿಂದಲ್ಲ. ಗೊತ್ತಿರುವವರು ಹೇಳುವ ಮಾತುಗಳೇ ನನ್ನ ಕೈಗೆ ಆಯುಧವಾಗಿ ಸಿಕ್ಕಿದ್ದವು. ಲೋಯರ್ ಥರ್ಡ್ ನಿಜ. ಟ್ರಿಗರ್ ಜಗ್ಗಿದರೆ ಏಟು ಎಡಕ್ಕೆ, ಕೆಳಕ್ಕೆ ಬೀಳುವುದು ನಿಜ. ಮಣಿಕಟ್ಟು ಸಡಿಲಾದರೆ ಪಿಸ್ತೂಲು ಕಚ್ಚಿಕೊಳ್ಳುವುದೂ ನಿಜ. ಮೂರೂ ನಿಜವಾದ ಮಾತುಗಳೇ, ಆದರೆ ಮೂರು ಕಡೆಯೂ ನಿಜವಾದ ಕಾರಣ ಬೇರೆಯಿತ್ತು. ಅರೆಬರೆ ತಿಳಿದವನ ಹತ್ತಿರ ಸಮಜಾಯಿಷಿಗಳ ದಾಸ್ತಾನು ದೊಡ್ಡದಿರುತ್ತದೆ. ಒಂದು ಕಾರಣ ಹೊಳೆದ ಕೂಡಲೇ ಅವನು ಪರೀಕ್ಷೆ ನಿಲ್ಲಿಸಿಬಿಡುತ್ತಾನೆ. ಏನೂ ತಿಳಿಯದವನಾದರೆ ಇನ್ನೊಬ್ಬರನ್ನಾದರೂ ಕೇಳುತ್ತಾನೆ.

ಈಗ ನಾನು ಮಾಡುವ ರೀತಿಯನ್ನು ಬರೆಯುತ್ತೇನೆ. ಇದರಲ್ಲಿ ನನ್ನ ಆವಿಷ್ಕಾರ ಏನೂ ಇಲ್ಲ, ತಯಾರಕರ ಕೈಪಿಡಿಗಳಲ್ಲಿ ಬಹುಪಾಲು ಇರುವುದೇ.

ಮೊದಲು ಪಿಸ್ತೂಲು ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳುವುದು. ಮೇಜಿರುವ ಕೋಣೆಯಲ್ಲಿ ಗುಂಡು ಇರಕೂಡದು. ಆಮೇಲೆ ಪ್ಲೇಟು, ಸ್ಲೈಡಿನ ಕುಳಿ, ರಂಧ್ರಗಳು, ಸ್ಕ್ರೂಗಳು ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಒಣಗಲು ಬಿಡುವುದು. ಒಣಗಿದ ಮೇಲೆ ಸ್ಕ್ರೂ ಹಾಕದೆ ಬರಿದೇ ಸೈಟನ್ನು ಪ್ಲೇಟಿನ ಮೇಲಿಟ್ಟು ಬೆರಳಿನಿಂದ ಒತ್ತಿ ನೋಡುವುದು. ಕುಂಟಿದರೆ, ಹಿಂದೆಮುಂದೆ ಆಡಿದರೆ, ಬೇರೆ ಪ್ಲೇಟು ತರಬೇಕು. ಯಾವ ಬಿಗಿಯೂ ಆ ದೋಷವನ್ನು ಮುಚ್ಚದು. ಪ್ರತಿ ಸ್ಕ್ರೂವಿನ ಉದ್ದವನ್ನು ವರ್ನಿಯರ್‌ನಿಂದ ಅಳೆದು, ಯಾವ ಪೊಟ್ಟಣದ್ದು ಎಲ್ಲಿಗೆ ಎಂದು ಬರೆದಿಡುವುದು. ಒಣ ಸ್ಕ್ರೂಗಳನ್ನೇ ಒಮ್ಮೆ ಪೂರ್ತಿ ಬಿಗಿದು, ಎಕ್ಸ್‌ಟ್ರಾಕ್ಟರಿನ ಕೊಕ್ಕೆಯನ್ನು ತಳ್ಳಿ, ಅದು ಸಲೀಸಾಗಿ ಆಡುತ್ತದೆಯೇ ಎಂದು ಪರೀಕ್ಷಿಸುವುದು. ಈ ಒಂದು ನಿಮಿಷದ ಕೆಲಸವನ್ನು ಅಂದು ಮಾಡಿದ್ದರೆ ಆ ಹುಡುಗಿ ಡಂಬೆಲ್ ಎತ್ತಬೇಕಿರಲಿಲ್ಲ.

ಬಿಗಿತವನ್ನು ಈಗ ಕೈಯ ಅಂದಾಜಿಗೆ ಬಿಡುವುದಿಲ್ಲ. ಇಂಚು-ಪೌಂಡಿನ ಟಾರ್ಕ್ ಡ್ರೈವರ್ ಒಂದು ಹಳೆಯ ಮ್ಯಾಗಜೀನಿನ ಬೆಲೆಗಿಂತ ಹೆಚ್ಚಾಗಬಹುದು, ರೆಡ್ ಡಾಟಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಇಂಥ ಸೈಟುಗಳಿಗೆ ಸಾಮಾನ್ಯವಾಗಿ 12ರಿಂದ 15 ಇಂಚು-ಪೌಂಡ್ ಹೇಳುತ್ತಾರೆ, ಆದರೆ ಪಾಲಿಸಬೇಕಾದದ್ದು ಆಯಾ ಸೈಟಿನ ತಯಾರಕರು ಹೇಳಿದ್ದನ್ನೇ. 12 ಇಂಚು-ಪೌಂಡ್ ಎಂದರೆ 1.36 ನ್ಯೂಟನ್-ಮೀಟರ್, ನಾವು ಊಹಿಸುವುದಕ್ಕಿಂತ ಬಹಳ ಕಡಿಮೆ. ಎಳೆಗಳಿಗೆ ಮಾತ್ರ ನೀಲಿ ಥ್ರೆಡ್ ಲಾಕರಿನ ಒಂದು ಸಣ್ಣ ಹನಿ. ಅದು ತಳಕ್ಕೆ ಇಳಿದು ಎಕ್ಸ್‌ಟ್ರಾಕ್ಟರಿನ ಕೊಳವೆಗೆ ಸೇರಬಾರದು, ಗಾಜಿಗೂ ತಾಗಬಾರದು. ಎರಡೂ ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದು, ಕೊನೆಗೆ ಡ್ರೈವರ್ ಹೇಳಿದಲ್ಲಿ ನಿಲ್ಲಿಸುವುದು. ಒಂದು ಪೂರ್ತಿ ದಿನ ಮುಟ್ಟದೆ ಬಿಡುವುದು. ಸ್ಕ್ರೂವಿನ ತಲೆಯಿಂದ ಸೈಟಿನ ಮೈಗೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯುವುದು. ಗೆರೆ ತುಂಡಾಗಿ ಕಂಡರೆ ಸ್ಕ್ರೂ ತಿರುಗಿದೆ ಎಂದರ್ಥ. ರೇಂಜಿಗೆ ಹೋಗುವ ಮುನ್ನ, ಬಂದ ನಂತರ ಆ ಗೆರೆ ನೋಡುವುದು ನನಗೀಗ ರೂಢಿಯಾಗಿದೆ. ಮುಂದಿನ ಐರನ್ ಸೈಟಿನ ಸ್ಕ್ರೂವಿಗೂ ಇದೇ ಉಪಚಾರ. ಅದು ಸ್ಲೈಡಿನ ಅಡಿಯಲ್ಲಿ ಕಾಣದೆ ಇರುವುದರಿಂದ ಎಲ್ಲರೂ ಮರೆಯುತ್ತಾರೆ.

ಆಮೇಲೆ ರೇಂಜು. ಈಗ ನಾನು ಮೊದಲು ಹೊಡೆಯುವುದು ರೆಡ್ ಡಾಟಿನಿಂದಲ್ಲ. ಚುಕ್ಕಿಯನ್ನು ಆರಿಸಿ, ಕೈಗೆ ಮರಳಚೀಲದ ಆಸರೆ ಕೊಟ್ಟು, ಐರನ್ ಸೈಟಿನಿಂದಲೇ ಹೊಡೆಯುತ್ತೇನೆ. ಗುಂಡು ಮೇಲೆ ಬಿದ್ದರೆ ಎತ್ತರದ ಗೂಟ, ಕೆಳಗೆ ಬಿದ್ದರೆ ಗಿಡ್ಡ ಗೂಟ, ಪಕ್ಕಕ್ಕೆ ಬಿದ್ದರೆ ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೆ ಸರಿಸುವುದು. ಅದು ಸರಿಯಾದ ಮೇಲೆ ಚುಕ್ಕಿಯನ್ನು ಹೊತ್ತಿಸಿ, ಐರನ್ ಸೈಟಿನ ಕಡೆ ನೋಡದೆ, ಅದನ್ನು ಅದರ ಪಾಡಿಗೆ ಝೀರೋ ಮಾಡುತ್ತೇನೆ. ಎರಡೂ ತಮ್ಮ ತಮ್ಮ ಪರೀಕ್ಷೆಯಲ್ಲಿ ಬೇರೆಬೇರೆಯಾಗಿ ಪಾಸಾಗಬೇಕು. ಕಡೆಯಲ್ಲಿ ಎರಡನ್ನೂ ಒಟ್ಟಿಗೆ ನೋಡಿದಾಗ ಚುಕ್ಕಿ ಗೂಟದ ತುದಿಯಲ್ಲಿ ಕೂತರೆ, ಎರಡು ಬೇರೆ ಸಾಕ್ಷಿಗಳು ಒಂದೇ ಮಾತು ಹೇಳಿದಂತೆ. ಮುಂದೆ ಎಂದಾದರೂ ಅವು ಬೇರೆಯಾದರೆ, ಯಾವುದೋ ಒಂದು ಕದಲಿದೆ ಎಂಬ ಎಚ್ಚರಿಕೆ ತಾನಾಗಿ ಸಿಗುತ್ತದೆ. ಒಂದನ್ನು ನೋಡಿಕೊಂಡು ಇನ್ನೊಂದನ್ನು ಮನೆಯಲ್ಲೇ ಕೂತು ಹೊಂದಿಸಿದರೆ ಈ ಲಾಭವಿಲ್ಲ, ಮೊದಲನೆಯದರ ತಪ್ಪೇ ಎರಡನೆಯದಕ್ಕೂ ಅಂಟುತ್ತದೆ. ಪ್ರತಿ ಅಭ್ಯಾಸದಲ್ಲೂ ಒಂದು ಮ್ಯಾಗಜೀನಿನಷ್ಟಾದರೂ ಚುಕ್ಕಿ ಆರಿಸಿ ಹೊಡೆಯುತ್ತೇನೆ. ನನ್ನ ಕಣ್ಣಿಗೆ ಗೂಟ ಈಗಲೂ ಮಂಜೇ. ಆದರೆ ಎಷ್ಟು ಮಂಜು, ಅದರಲ್ಲಿ ಎಷ್ಟು ದೂರಕ್ಕೆ ಹೊಡೆಯಬಲ್ಲೆ, ಎಲ್ಲಿಂದಾಚೆ ಹೊಡೆಯಬಾರದು ಎಂಬುದು ಈಗ ಗೊತ್ತಿದೆ.

ಮನುಷ್ಯರ ವಿಷಯದಲ್ಲೂ ಒಂದು ನಿಯಮ ಮಾಡಿಕೊಂಡಿದ್ದೇನೆ. ಹೊಸಬರ ಪಿಸ್ತೂಲು ಕಚ್ಚಿಕೊಂಡರೆ, ಏಟು ಹರಡಿದರೆ, ಮೊದಲು ಪಿಸ್ತೂಲನ್ನು ಪರೀಕ್ಷಿಸುತ್ತೇನೆ. ಬಳಿಕ ಅದೇ ಪಿಸ್ತೂಲಿನಿಂದ ನಾನು ಹೊಡೆದು ನೋಡುತ್ತೇನೆ, ನನ್ನ ಪಿಸ್ತೂಲನ್ನು ಅವರ ಕೈಗೆ ಕೊಟ್ಟು ನೋಡುತ್ತೇನೆ. ಇಷ್ಟಾದ ಮೇಲೂ ದೋಷ ಕೈಯಲ್ಲೇ ಇದೆ ಎಂದಾದರೆ ಮಾತ್ರ ಕೈಯ ಮಾತು. ಯಂತ್ರವನ್ನು ತಪ್ಪಾಗಿ ಅನುಮಾನಿಸಿದರೆ ಹೋಗುವುದು ಅರ್ಧ ಗಂಟೆ. ಕಲಿಯಲು ಬಂದವರನ್ನು ತಪ್ಪಾಗಿ ಅನುಮಾನಿಸಿದರೆ ಹೋಗುವುದು ಅವರ ಧೈರ್ಯ.

ಆ ಹುಡುಗಿ ಪಿಸ್ತೂಲು ಮಾರಲಿಲ್ಲ. ಸರಿಯಾದ ಸ್ಕ್ರೂ ಹಾಕಿದ ಮೇಲೆ ಅದು ಕಚ್ಚಿಕೊಂಡಿಲ್ಲ. ಆ ಸ್ಕ್ರೂ ಹಾಕಿದವಳೂ ಅವಳೇ. ಅಳೆದದ್ದು, ತೊಳೆದದ್ದು, ಟಾರ್ಕ್ ಡ್ರೈವರ್ ಹಿಡಿದದ್ದು ಎಲ್ಲ ಅವಳೇ, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಈಗ ಯಾರಾದರೂ 'ಕೂರಿಸಿಕೊಡಿ' ಎಂದು ಬಂದರೆ ನಾನು ಕೂರಿಸಿಕೊಡುವುದಿಲ್ಲ, ಅವರ ಕೈಯಿಂದಲೇ ಮಾಡಿಸುತ್ತೇನೆ. ತಾನೇ ಬಿಗಿದ ಸ್ಕ್ರೂವಿನ ಬಗ್ಗೆ ಮನುಷ್ಯನಿಗೆ ಪ್ರಶ್ನೆ ಕೇಳುವ ಹಕ್ಕೂ ಧೈರ್ಯವೂ ಇರುತ್ತದೆ. ನಾನು ಬಿಗಿದುಕೊಟ್ಟಾಗ ಅವಳಿಗೆ ಅದಿರಲಿಲ್ಲ. ನನ್ನ ಮಾತನ್ನೇ ನಂಬಿ ತನ್ನ ಕೈಯನ್ನು ಅನುಮಾನಿಸಿದಳು. ಇನ್ನೊಬ್ಬರಿಗೆ ಕಲಿಸುತ್ತೇನೆ ಎಂದು ಹೊರಟವನು ಅಂಥ ನಂಬಿಕೆಯನ್ನು ಬರಿಯ ಅಂದಾಜಿನ ಮೇಲೆ ಖರ್ಚು ಮಾಡಬಾರದು.